ಬೆನ್ನುಮೂಳೆಗಿಂತ ಹಳೆಯದು

ಕರಾವಳಿಯ ಮೀನು ಮಾರುಕಟ್ಟೆಯಲ್ಲಿ ದೊಡ್ಡ ಅಂಜಲ್ ಮೀನನ್ನು ಅಡ್ಡಕ್ಕೆ ಕೊಯ್ದು ತುಂಡು ಮಾಡಿ ಕೊಡುತ್ತಾರೆ. ಕತ್ತಿ ಇಳಿದ ಮುಖವನ್ನು ಒಮ್ಮೆ ಗಮನವಿಟ್ಟು ನೋಡಬೇಕು. ನಟ್ಟನಡುವೆ ದುಂಡನೆಯ ಮೂಳೆಮಣಿ. ಅದರ ನೆತ್ತಿಯ ಮೇಲೆ ಸಣ್ಣದೊಂದು ಕಮಾನು, ಕಮಾನಿನೊಳಗೆ ಬೆಳ್ಳಗಿನ ಮೆತ್ತನೆಯ ಚುಕ್ಕೆ, ಅದು ಬೆನ್ನುಹುರಿ. ಮಣಿಯ ಕೆಳಗೆ ರಕ್ತನಾಳದ ಕೆಂಪು ಗುರುತು, ಅದಕ್ಕೂ ಕೆಳಗೆ ಕರುಳು ತೆಗೆದ ಮೇಲೆ ಉಳಿದ ಹೊಟ್ಟೆಯ ಟೊಳ್ಳು. ಬಾಲದ ಕಡೆಯ ತುಂಡುಗಳಲ್ಲಿ ಈ ಟೊಳ್ಳು ಇರುವುದೇ ಇಲ್ಲ. ಕರುಳು ಗುದದ್ವಾರದ ಹತ್ತಿರ ಮುಗಿದುಹೋಗುತ್ತದೆ. ಅಲ್ಲಿಂದಾಚೆಗೆ ಮೀನಿನ ದೇಹವೆಲ್ಲ ಮೂಳೆ, ನರ ಮತ್ತು ಗಟ್ಟಿ ಮಾಂಸ. ಸಾರಿನಲ್ಲಿ ಬೆಂದ ಮೇಲೆ ಮಣಿಗಳು ಬಿಡಿಬಿಡಿಯಾಗುತ್ತವೆ. ಒಂದನ್ನು ತೆಗೆದು ಬೆಳಕಿಗೆ ಹಿಡಿದರೆ ಎರಡೂ ಬದಿ ಒಳಕ್ಕೆ ಗುಳಿಬಿದ್ದಿರುವುದು ಕಾಣುತ್ತದೆ. ಹಸಿ ಮೀನಿನಲ್ಲಿ ಆ ಗುಳಿಗಳ ತುಂಬ ಲೋಳೆಯಂಥ ಪದಾರ್ಥ ಇರುತ್ತದೆ. ಈ ಅಧ್ಯಾಯ ಹೇಳಹೊರಟಿರುವುದು ಬಹುಪಾಲು ಆ ಲೋಳೆಯ ಕತೆಯನ್ನೇ.

ಅದೇ ಮಾರುಕಟ್ಟೆಯಿಂದ ತಂದ ಸಿಗಡಿಯನ್ನು ಬಿಡಿಸುವಾಗ ಬೆನ್ನಿನ ಕಪ್ಪು ದಾರವನ್ನು ಎಳೆದು ಬಿಸಾಡುತ್ತೇವೆ. ಹಲವರು ಅದನ್ನು ನರ ಎಂದುಕೊಂಡಿದ್ದಾರೆ. ಅದು ಕರುಳು. ಸಿಗಡಿಯ ನರದ ಎಳೆ ಇರುವುದು ಹೊಟ್ಟೆಯ ಕಡೆ, ಕಾಲುಗಳ ಬುಡಕ್ಕೆ ತಾಗಿಕೊಂಡಂತೆ. ಒಳಗೆ ಟೊಳ್ಳಿಲ್ಲದ ಗಟ್ಟಿ ಎಳೆ ಅದು. ಏಡಿ, ಜಿರಲೆ, ಜೇನುನೊಣ, ಎರೆಹುಳು ಎಲ್ಲದರಲ್ಲೂ ವ್ಯವಸ್ಥೆ ಹೀಗೆಯೇ: ನರ ಕೆಳಗೆ, ಕರುಳು ಮೇಲೆ. ಮೀನು, ಕಪ್ಪೆ, ಹಾವು, ಕೋಳಿ, ಹಸು, ಮನುಷ್ಯ ಇವರಲ್ಲಿ ಎಲ್ಲವೂ ತಲೆಕೆಳಗು: ನರ ಬೆನ್ನಿಗೆ, ಕರುಳು ಹೊಟ್ಟೆಗೆ. ಈ ಎರಡನೆಯ ಗುಂಪಿನ ಪ್ರಾಣಿಗಳನ್ನು, ಅವುಗಳ ಜೊತೆಗೆ ಬೆನ್ನುಮೂಳೆಯೇ ಇಲ್ಲದ ಇನ್ನೂ ಕೆಲವು ಕಡಲಜೀವಿಗಳನ್ನು ಸೇರಿಸಿ ಕಾರ್ಡೇಟ್ ಎಂಬ ವಂಶವಾಗಿ ಗುರುತಿಸುತ್ತಾರೆ.

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಕಾರ್ಡೇಟ್‌ಗಳ ಲಕ್ಷಣಗಳ ಪಟ್ಟಿ ನೆನಪಿರುತ್ತದೆ. ಬೆನ್ನಿನುದ್ದಕ್ಕೂ ನೋಟೋಕಾರ್ಡ್ ಎಂಬ ದಂಡ; ಅದರ ಮೇಲೆ ಟೊಳ್ಳಾದ ನರನಾಳ; ಗಂಟಲಿನ ಅಕ್ಕಪಕ್ಕ ಕಿವಿರು ಸೀಳುಗಳು; ಗುದದ್ವಾರದ ಹಿಂದೆ ಚಾಚಿದ ಬಾಲ. ಇತ್ತೀಚಿನ ಪುಸ್ತಕಗಳು ಐದನೆಯದಾಗಿ ಗಂಟಲಿನ ತಳದಲ್ಲಿರುವ ಎಂಡೋಸ್ಟೈಲ್ ಎಂಬ ಲೋಳೆಯ ತೋಡನ್ನೂ ಸೇರಿಸುತ್ತವೆ. ಕೋಷ್ಟಕದಲ್ಲಿ ಓದಿ ಕಲಿತವರಿಗೆ ಒಂದು ವಿಷಯ ಮಾತ್ರ ಕೈತಪ್ಪಿಹೋಗುತ್ತದೆ. ಕನ್ನಡಿಯ ಮುಂದೆ ನಿಂತು ನೋಡಿಕೊಂಡರೆ ನಮ್ಮಲ್ಲಿ ಈ ಪಟ್ಟಿಯ ಬಹುಪಾಲು ಇಲ್ಲ. ಬಾಲವಿಲ್ಲ, ಕಿವಿರು ಸೀಳಿಲ್ಲ, ಎಂಡೋಸ್ಟೈಲ್ ಇಲ್ಲ, ನೋಟೋಕಾರ್ಡ್ ದಂಡವೂ ಇಲ್ಲ. ಆದರೂ ನಾವು ಕಾರ್ಡೇಟ್‌ಗಳೇ, ಅನುಮಾನವಿಲ್ಲದೆ. ಏಕೆಂದರೆ ಈ ಲಕ್ಷಣಗಳು ಬೆಳೆದ ದೇಹದ ಚಹರೆಗಳಲ್ಲ, ದೇಹ ಕಟ್ಟುವ ಕ್ರಮದ ಹೆಜ್ಜೆಗಳು. ಬೆನ್ನುಮೂಳೆಯನ್ನು ನೋಡಿ ಕುಲ ಹೇಳುವುದು ಕಟ್ಟಡದ ಬಣ್ಣ ನೋಡಿ ಪಾಯದ ಬಗ್ಗೆ ಮಾತಾಡಿದ ಹಾಗೆ.

ಈ ವಂಶದಲ್ಲಿ ಮೂರು ಕವಲುಗಳಿವೆ. ಒಂದರಲ್ಲಿ ಬೆನ್ನುಮೂಳೆಯ ಪ್ರಾಣಿಗಳು, ಅಂದರೆ ಕಶೇರುಕಗಳು. ಅರುವತ್ತು ಸಾವಿರಕ್ಕೂ ಹೆಚ್ಚು ಪ್ರಭೇದಗಳು. ಎರಡನೆಯದರಲ್ಲಿ ಅಸಿಡಿಯನ್ ಮತ್ತು ಅದರ ಬಳಗ, ಸುಮಾರು ಮೂರು ಸಾವಿರ. ಮೂರನೆಯದು ಆಂಫಿಯಾಕ್ಸಸ್, ಕೇವಲ ಮೂವತ್ತರ ಆಸುಪಾಸು. ಸಂಖ್ಯೆಯಲ್ಲಿ ಅತಿ ಕಡಿಮೆಯಾದ ಆಂಫಿಯಾಕ್ಸಸ್‌ನಿಂದಲೇ ಶುರುಮಾಡುವುದು ಸರಿ, ಏಕೆಂದರೆ ಐದೂ ಲಕ್ಷಣಗಳನ್ನು ಜೀವಮಾನವಿಡೀ ಬಿಡದೆ ಉಳಿಸಿಕೊಂಡಿರುವುದು ಅದೊಂದೇ ಕವಲು.

ಐದು ಸೆಂಟಿಮೀಟರ್ ಉದ್ದದ, ಹೆಚ್ಚುಕಡಿಮೆ ಪಾರದರ್ಶಕವಾದ, ಎರಡೂ ತುದಿ ಚೂಪಾದ ಜೀವಿ ಇದು. ಆಳವಿಲ್ಲದ ಕಡಲಿನ ಮರಳಿನಲ್ಲಿ ಮೈ ಹುದುಗಿಸಿ, ಬಾಯಿಯನ್ನಷ್ಟೇ ಮೇಲಕ್ಕಿಟ್ಟು ಕೂರುತ್ತದೆ. ಬಾಯಿಂದ ಒಳಬಂದ ನೀರು ಗಂಟಲಿನ ನೂರಕ್ಕೂ ಹೆಚ್ಚು ಸೀಳುಗಳ ಮೂಲಕ ಸೋಸಿ ಹೊರಹೋಗುತ್ತದೆ. ಆಹಾರದ ಕಣಗಳು ಲೋಳೆಗೆ ಅಂಟಿ ಕರುಳಿಗೆ ಇಳಿಯುತ್ತವೆ. ಇದಕ್ಕೆ ತಲೆಬುರುಡೆಯಿಲ್ಲ, ದವಡೆಯಿಲ್ಲ, ಒಂದೇ ಒಂದು ಮೂಳೆಯೂ ಇಲ್ಲ. 1774ರಲ್ಲಿ ಪೀಟರ್ ಸೈಮನ್ ಪಲ್ಲಾಸ್ ಎಂಬ ಜರ್ಮನ್ ನಿಸರ್ಗಶಾಸ್ತ್ರಜ್ಞ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ, ಮದ್ಯಸಾರದಲ್ಲಿಟ್ಟ ಮಾದರಿಯನ್ನು ಪರೀಕ್ಷಿಸಿ ಅದನ್ನು ಗೊಂಡೆಹುಳುವಿನ ಜಾತಿಗೆ ಸೇರಿಸಿದ. ಆರು ದಶಕ ಅದು ಆ ಹೆಸರಿನಲ್ಲೇ ಉಳಿಯಿತು. 1834ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಕೋಸ್ಟಾ, ಎರಡು ವರ್ಷದ ಬಳಿಕ ಇಂಗ್ಲೆಂಡಿನಲ್ಲಿ ಯಾರೆಲ್ ಅದನ್ನು ಹೊಸದಾಗಿ ವಿವರಿಸಿದ ಮೇಲೆ, ಈ ಪುಟ್ಟ ಜೀವಿ ಮೀನಿನ ನೆಂಟ ಎಂಬುದು ಸ್ಪಷ್ಟವಾಗತೊಡಗಿತು. ಇತ್ತ ಚೀನಾದ ಶಿಯಾಮೆನ್ ಬಳಿಯ ಬೆಸ್ತರಿಗೆ ಇದು ಎಂದೂ ಅಪರೂಪದ ವಸ್ತುವಾಗಿರಲಿಲ್ಲ. ಅವರು ಮರಳು ಜಾಲಿಸಿ ಇದನ್ನು ಹಿಡಿದು ಆಹಾರವಾಗಿ ಮಾರುತ್ತಿದ್ದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಎಸ್. ಎಫ್. ಲೈಟ್ 1923ರಲ್ಲಿ ಆ ಮೀನುಗಾರಿಕೆಯ ಬಗ್ಗೆ ಬರೆದಾಗ ಪಾಶ್ಚಾತ್ಯ ಪ್ರಾಣಿಶಾಸ್ತ್ರಜ್ಞರಿಗೆ ಅದು ದೊಡ್ಡ ಸುದ್ದಿಯಾಯಿತು.

ಮೂಳೆಯಿಲ್ಲದ ಈ ಮೈ ಈಜುವುದು ಹೇಗೆ? ನೋಟೋಕಾರ್ಡ್ ಇರುವುದು ಇದಕ್ಕಾಗಿಯೇ. ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಒಂದು ದಂಡ. ಅದರ ಎರಡೂ ಪಕ್ಕ ಮಾಂಸಖಂಡಗಳ ಸಾಲು. ಬಲಗಡೆಯ ಸ್ನಾಯು ಸೆಟೆದುಕೊಂಡಾಗ ದಂಡ ಇಲ್ಲದಿದ್ದರೆ ಮೈ ಆ ಕಡೆಗೆ ಮುದುಡಿ ಗಿಡ್ಡವಾಗುತ್ತಿತ್ತು. ದಂಡ ಬಾಗುತ್ತದೆ, ಆದರೆ ಕುಗ್ಗುವುದಿಲ್ಲ. ಹಾಗಾಗಿ ಸೆಳೆತವೆಲ್ಲ ಬಳುಕಾಗಿ ಮಾರ್ಪಡುತ್ತದೆ; ಎಡ ಬಲ ಬಳುಕುತ್ತ ಪ್ರಾಣಿ ಮುಂದಕ್ಕೆ ಸಾಗುತ್ತದೆ. ಬಹುತೇಕ ಕಾರ್ಡೇಟ್‌ಗಳಲ್ಲಿ ಈ ಗಡಸು ಬರುವುದು ಗಟ್ಟಿ ಪದಾರ್ಥದಿಂದಲ್ಲ, ಒತ್ತಡದಿಂದ. ದಂಡದೊಳಗಿನ ಜೀವಕೋಶಗಳಲ್ಲಿ ದ್ರವ ತುಂಬಿ ಅವು ಉಬ್ಬುತ್ತವೆ. ಸುತ್ತ ಕೊಲಾಜೆನ್ ನಾರುಗಳ ಬಿಗಿಯಾದ ಕವಚವಿರುವುದರಿಂದ ಉಬ್ಬಲು ಜಾಗ ಸಿಗುವುದಿಲ್ಲ. ಒಳಗಿನ ತಳ್ಳು ಮತ್ತು ಹೊರಗಿನ ಬಿಗಿ ಸೇರಿ ಇಡೀ ದಂಡ ನೆಟ್ಟಗಾಗುತ್ತದೆ. ಆಂಫಿಯಾಕ್ಸಸ್ ಇದಕ್ಕೆ ಇನ್ನೊಂದು ಉಪಾಯ ಸೇರಿಸಿದೆ: ಅದರ ದಂಡದೊಳಗಿನ ತೆಳು ಬಿಲ್ಲೆಗಳು ಸ್ವತಃ ಸ್ನಾಯುಗಳು, ಬೇಕಾದಾಗ ಬಿಗಿದುಕೊಳ್ಳಬಲ್ಲವು.

ಎಲ್ಲ ಕಶೇರುಕಗಳೂ ಬೆಳೆಯುತ್ತ ಈ ದಂಡವನ್ನು ಕಳೆದುಕೊಳ್ಳುವುದಿಲ್ಲ. ಸ್ಟರ್ಜನ್ ಮೀನಿನಲ್ಲಿ ಅದು ಕೊನೆಯವರೆಗೂ ಉಳಿಯುತ್ತದೆ. ರಷ್ಯನ್ನರು ಅದನ್ನು ಎಳೆದು ತೆಗೆದು ಒಣಗಿಸಿ, ಕಡುಬಿನ ಹೂರಣಕ್ಕೆ ಬಳಸುತ್ತಿದ್ದರು. ಅಳಿದೇಹೋಗಿದೆ ಎಂದುಕೊಂಡಿದ್ದು 1938ರಲ್ಲಿ ದಕ್ಷಿಣ ಆಫ್ರಿಕಾದ ಕಡಲಿನಲ್ಲಿ ಸಿಕ್ಕಿದ ಸೀಲಕಾಂತ್ ಮೀನಿನಲ್ಲೂ ಮೂಳೆಮಣಿಗಳ ಬದಲು ದ್ರವ ತುಂಬಿದ ದಪ್ಪ ನೋಟೋಕಾರ್ಡ್ ನಳಿಗೆಯೇ ಇದೆ. ಉಳಿದ ಹೆಚ್ಚಿನ ಕಶೇರುಕಗಳಲ್ಲಿ ದಂಡದ ಸುತ್ತ ಮೂಳೆಮಣಿಗಳು ಮೂಡಿ ಅದನ್ನು ಹಿಸುಕುತ್ತ ಹೋಗುತ್ತವೆ. ಮಣಿಯ ನಡುಭಾಗದಲ್ಲಿ ಅದು ಅಳಿದು, ಮಣಿ ಮತ್ತು ಮಣಿಯ ಸಂದಿನಲ್ಲಿ ಮಾತ್ರ ಉಳಿಯುತ್ತದೆ. ಅಂಜಲ್ ಮೀನಿನ ಗುಳಿಗಳಲ್ಲಿದ್ದ ಲೋಳೆ ಅದೇ.

ಈಗ ಎರಡನೆಯ ಕವಲು. ಭಾರತದ ಪ್ರಾಣಿಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ಗಾಜಿನ ಜಾಡಿಯೊಳಗೆ ಹರ್ಡ್‌ಮೇನಿಯ ಎಂಬ ಅಸಿಡಿಯನ್ ಇರುತ್ತದೆ. ಹಿಂದೂ ಮಹಾಸಾಗರದ ಜೀವಿ ಅದು; ಬಂಡೆಗೋ ಶಂಖದ ಚಿಪ್ಪಿಗೋ ಅಂಟಿಕೊಂಡು ಬದುಕುತ್ತದೆ. 1936ರಲ್ಲಿ ಎಸ್. ಎಂ. ದಾಸ್ ಅದರ ಬಗ್ಗೆ ಬರೆದ ಪ್ರಬಂಧ ಬಹಳ ಕಾಲ ನಮ್ಮ ಕಾಲೇಜುಗಳಿಗೆ ಆಧಾರವಾಗಿತ್ತು. ಜಾಡಿಯಲ್ಲಿ ಕಾಣುವುದು ಆಕಾರವಿಲ್ಲದ, ತೊಗಲಿನಂಥ ಹೊದಿಕೆಯ ಚೀಲ. ಮೇಲೆ ಎರಡು ಕೊಳವೆಬಾಯಿ, ಒಂದರಿಂದ ನೀರು ಒಳಕ್ಕೆ, ಇನ್ನೊಂದರಿಂದ ಹೊರಕ್ಕೆ. ಹೊದಿಕೆಯಲ್ಲಿ ಸೆಲ್ಯುಲೋಸ್ ಇದೆ, ಗಿಡಗಳಲ್ಲಿರುವ ಅದೇ ಸೆಲ್ಯುಲೋಸ್. ತಲೆಯಿಲ್ಲ, ಕಣ್ಣಿಲ್ಲ, ಬಾಲವಿಲ್ಲ, ಅಂಟಿದ ಜಾಗ ಬಿಟ್ಟು ಕದಲುವುದೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಅಸಿಡಿಯನ್‌ಗಳನ್ನು ಕಪ್ಪೆಚಿಪ್ಪು, ಬಸವನಹುಳುಗಳ ಸಾಲಿನಲ್ಲೇ ಇಡುತ್ತಿದ್ದರು.

1866ರಲ್ಲಿ ಅಲೆಕ್ಸಾಂಡರ್ ಕೊವಲೆವ್‌ಸ್ಕಿ ಎಂಬ ರಷ್ಯನ್ ಯುವಕ ಆ ಲೆಕ್ಕಾಚಾರವನ್ನೇ ಬದಲಿಸಿದ. ಅವನಿಗಿನ್ನೂ ಇಪ್ಪತ್ತಾರು. ಅವನು ಮಾಡಿದ್ದು ಬೆಳೆದ ಅಸಿಡಿಯನ್ನನ್ನು ಬಿಟ್ಟು ಅದರ ಮೊಟ್ಟೆಯ ಹಿಂದೆ ಬಿದ್ದದ್ದು. ಮೊಟ್ಟೆ ಒಡೆದು ಹೊರಬರುವ ಮರಿ ಕಪ್ಪೆಯ ಗೊದಮೊಟ್ಟೆಯನ್ನು ಹೋಲುತ್ತದೆಂಬುದು ಆಗಲೇ ಕೆಲವರಿಗೆ ಗೊತ್ತಿತ್ತು. ಹೋಲಿಕೆ ಹೊರಗಿನದಷ್ಟೇ ಅಲ್ಲ, ಒಳಗೂ ಹಾಗೆಯೇ ಎಂದು ಕೊವಲೆವ್‌ಸ್ಕಿ ಹಂತಹಂತವಾಗಿ ತೋರಿಸಿಕೊಟ್ಟ. ಬಾಲದೊಳಗೆ ನೋಟೋಕಾರ್ಡ್ ಇತ್ತು. ಅದರ ಮೇಲೆ ಟೊಳ್ಳಾದ ನರನಾಳ, ಪಕ್ಕಗಳಲ್ಲಿ ಸ್ನಾಯು. ನರನಾಳ ರೂಪುಗೊಂಡದ್ದೂ ಕಶೇರುಕ ಭ್ರೂಣದಲ್ಲಿ ಆಗುವಂತೆಯೇ, ಬೆನ್ನಿನ ಪದರ ಮಡಚಿಕೊಂಡು. ಮರುವರ್ಷ ಆಂಫಿಯಾಕ್ಸಸ್‌ನ ಬೆಳವಣಿಗೆಯನ್ನೂ ಅವನು ಪ್ರಕಟಿಸಿದ. ಎರಡರದ್ದೂ ಒಂದೇ ದಾರಿ. ಡಾರ್ವಿನ್ 1871ರ ತನ್ನ ‘ಮಾನವನ ಅವತರಣ’ ಪುಸ್ತಕದಲ್ಲಿ ಇದನ್ನು ಬಹಳ ಮಹತ್ವದ ಶೋಧವೆಂದು ಎತ್ತಿಹಿಡಿದ. ಬೀಗಲ್ ಹಡಗಿನ ಯಾನದಲ್ಲಿ, 1833ರ ಏಪ್ರಿಲ್‌ನಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಅಂಥ ಈಜುವ ಮರಿಗಳನ್ನು ತಾನೂ ನೋಡಿದ್ದಾಗಿ ಅಡಿಟಿಪ್ಪಣಿಯಲ್ಲಿ ಸೇರಿಸಿದ.

ಸಯೋನ ಎಂಬ ಅಸಿಡಿಯನ್ ಇಂದು ಪ್ರಯೋಗಶಾಲೆಗಳ ಅಚ್ಚುಮೆಚ್ಚು. ಅದರ ಮರಿಯ ನೋಟೋಕಾರ್ಡ್‌ನಲ್ಲಿರುವುದು ಸರಿಯಾಗಿ 40 ಜೀವಕೋಶ, ಒಂದರ ಹಿಂದೊಂದು ಸಾಲಾಗಿ. ಕೇಂದ್ರ ನರಮಂಡಲದಲ್ಲಿ ಇನ್ನೂರಕ್ಕೂ ಕಡಿಮೆ ನರಕೋಶಗಳು. ಅಷ್ಟರಲ್ಲೇ ಅದು ಬೆಳಕು ಯಾವುದು, ಮೇಲು ಕೆಳಗು ಯಾವುದು ಎಂದು ಗ್ರಹಿಸಿ ಈಜುತ್ತದೆ. ಆಹಾರ ಮುಟ್ಟುವುದಿಲ್ಲ. ಅದರ ಬಾಲ್ಯ ಕೆಲವು ಗಂಟೆಗಳದ್ದು, ಹೆಚ್ಚೆಂದರೆ ಕೆಲವು ದಿನಗಳದ್ದು. ಸರಿಯಾದ ಜಾಗ ಸಿಕ್ಕಿದ ಕೂಡಲೇ ತಲೆ ಕೆಳಗಾಗಿ ಅಂಟಿಕೊಂಡು, ಬಾಲವನ್ನು, ದಂಡವನ್ನು, ನರನಾಳದ ಬಹುಭಾಗವನ್ನು ತನ್ನೊಳಕ್ಕೇ ಎಳೆದು ಕರಗಿಸಿಬಿಡುತ್ತದೆ. ಆಮೇಲೆ ಉಳಿಯುವುದು ಸೀಳುಗಳ ದೊಡ್ಡ ಗಂಟಲು, ಅದರ ತಳದಲ್ಲಿ ಎಂಡೋಸ್ಟೈಲ್. ನೋಡಲು ಮೀನಿನಂತಿರುವ ಆಂಫಿಯಾಕ್ಸಸ್ಸೇ ನಮಗೆ ಹತ್ತಿರದ ಬಂಧು ಎಂದು ನೂರು ವರ್ಷಕ್ಕೂ ಮಿಕ್ಕಿ ಎಲ್ಲರೂ ನಂಬಿದ್ದರು. 2006ರಲ್ಲಿ ಹಲವು ಪ್ರಾಣಿಗಳ ನೂರಾರು ಜೀನ್‌ಗಳನ್ನು ಒಟ್ಟಿಗೆ ತಾಳೆನೋಡಿದಾಗ ಫಲಿತಾಂಶ ಬೇರೆಯೇ ಬಂತು. ಕಶೇರುಕಗಳಿಗೆ ಅತಿ ಸಮೀಪದ ದಾಯಾದಿ ಈ ಅಂಟಿಕೊಂಡ ಚೀಲ. ಬೆಳೆದವರ ಮುಖ ನೋಡಿ ನೆಂಟಸ್ತಿಕೆ ಗುರುತಿಸುವುದರ ಅಪಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪ್ರಾಣಿಲೋಕದಲ್ಲಿ ನನಗೆ ಕಾಣುವುದಿಲ್ಲ.

ಇನ್ನು ನೋಟೋಕಾರ್ಡಿನ ಎರಡನೆಯ ಕೆಲಸಕ್ಕೆ ಬರೋಣ. ಆಸರೆ ಕೊಡುವುದು ಅದರ ಹಳೆಯ ಕಸುಬು ಇರಬಹುದು. ಕೋಳಿ, ಹಸು, ಮನುಷ್ಯರ ಭ್ರೂಣದಲ್ಲಿ ಅದು ಕೂಡಲೇ ಯಾವ ಭಾರವನ್ನೂ ಹೊರಬೇಕಾಗಿಲ್ಲ, ಈಜಬೇಕಾಗಿಯೂ ಇಲ್ಲ. ಆದರೂ ಪ್ರತಿ ಭ್ರೂಣದಲ್ಲೂ ತಪ್ಪದೆ ಮೂಡುತ್ತದೆ. ಯಾಕೆ?

ಜರ್ಮನಿಯ ಫ್ರೈಬುರ್ಗ್‌ನಲ್ಲಿ ಹಾನ್ಸ್ ಸ್ಪೇಮನ್ ಅವರ ವಿದ್ಯಾರ್ಥಿನಿ ಹಿಲ್ಡ ಮಾಂಗೋಲ್ಡ್ ಮಾಡಿದ ಪ್ರಯೋಗ ಈ ಪ್ರಶ್ನೆಗೆ ದಾರಿ ತೆರೆಯಿತು. ನ್ಯೂಟ್ ಎಂಬ, ಹಲ್ಲಿಯಾಕಾರದ ಉಭಯಚರದ ಎರಡು ಪ್ರಭೇದಗಳನ್ನು ಆಕೆ ಆರಿಸಿಕೊಂಡರು. ಒಂದರ ಭ್ರೂಣ ಬಿಳಿಚು, ಇನ್ನೊಂದರದು ಕಂದು. ಬಿಳಿಚು ಭ್ರೂಣದಲ್ಲಿ, ಮುಂದೆ ಮುಖ್ಯವಾಗಿ ನೋಟೋಕಾರ್ಡ್ ಆಗಲಿದ್ದ ಸಣ್ಣ ತುಣುಕನ್ನು ಕತ್ತರಿಸಿ ಕಂದು ಭ್ರೂಣದ ಹೊಟ್ಟೆಯ ಕಡೆಗೆ ಕಸಿ ಮಾಡಿದರು. ಸಾಸಿವೆಯಷ್ಟು ಮೊಟ್ಟೆಯ ಮೇಲೆ, ಸೋಂಕು ತಡೆಯುವ ಔಷಧಿಗಳಿಲ್ಲದ ಕಾಲದಲ್ಲಿ ನಡೆದ ಶಸ್ತ್ರಕ್ರಿಯೆ. ಹೆಚ್ಚಿನವು ಸತ್ತವು. ಉಳಿದ ಕೆಲವೇ ಭ್ರೂಣಗಳ ಹೊಟ್ಟೆಯ ಮೇಲೆ ಎರಡನೆಯ ಬೆನ್ನು ಮೂಡಿತು. ಬಣ್ಣದಿಂದಾಗಿ ಯಾವ ಕೋಶ ಯಾರದೆಂದು ಹೇಳಬಹುದಿತ್ತು: ಹೊಸ ಬೆನ್ನಿನ ನೋಟೋಕಾರ್ಡ್ ಬಿಳಿಚು, ಅಂದರೆ ಕಸಿ ಮಾಡಿದ್ದು. ಅದರ ಮೇಲಿನ ನರನಾಳವೋ ಬಹುಪಾಲು ಕಂದು. ಹೊಟ್ಟೆಯ ಚರ್ಮವಾಗಬೇಕಿದ್ದ ಕೋಶಗಳು ಪಕ್ಕಕ್ಕೆ ಬಂದ ತುಣುಕಿನ ಪ್ರಭಾವದಲ್ಲಿ ಬೆನ್ನುಹುರಿಯಾಗಿದ್ದವು. ಪ್ರಬಂಧ ಹೊರಬಂದದ್ದು 1924ರಲ್ಲಿ. ಅದೇ ವರ್ಷ ಮನೆಯ ಒಲೆ ಸಿಡಿದು ಹಿಲ್ಡ ತೀರಿಕೊಂಡರು, ಇಪ್ಪತ್ತೈದರ ಪ್ರಾಯದಲ್ಲಿ. 1935ರ ನೊಬೆಲ್ ಪ್ರಶಸ್ತಿ ಸ್ಪೇಮನ್ ಅವರಿಗೆ ಬಂತು. ಆ ಪ್ರಶಸ್ತಿಯ ಬಗ್ಗೆ ಬರೆಯುವಾಗ ಹಿಲ್ಡ ಅವರ ಹೆಸರನ್ನೂ ಬರೆಯುವುದು ನ್ಯಾಯ.

ನೋಟೋಕಾರ್ಡ್ ಸುತ್ತಲಿನ ಕೋಶಗಳಿಗೆ ರಾಸಾಯನಿಕ ಸಂದೇಶ ಕಳಿಸುತ್ತದೆ ಎಂಬುದು ಈಗ ವಿವರವಾಗಿ ಗೊತ್ತು. ಸೋನಿಕ್ ಹೆಡ್ಜ್‌ಹಾಗ್ ಎಂಬ ಪ್ರೋಟೀನು ದಂಡದಿಂದ ಒಸರಿ ಮೇಲಿನ ನರನಾಳಕ್ಕೆ ಹರಡುತ್ತದೆ. ಹತ್ತಿರದ ಕೋಶಗಳಿಗೆ ಹೆಚ್ಚು, ದೂರದವಕ್ಕೆ ಕಡಿಮೆ. ಆ ಪ್ರಮಾಣವನ್ನು ಅಳೆದೇ ಕೋಶಗಳು ತಾವು ಏನಾಗಬೇಕೆಂದು ನಿರ್ಧರಿಸುತ್ತವೆ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಬೆನ್ನುಹುರಿಯ ಮುಂಭಾಗದಲ್ಲೇ, ನೋಟೋಕಾರ್ಡಿನ ಕಡೆಗೇ ಇರುವುದು ಈ ಕಾರಣದಿಂದ. ನೀವು ಈ ಪುಟ ತಿರುವಲು ಬೆರಳು ಆಡಿಸಿದಾಗ ಕೆಲಸ ಮಾಡಿದ ನರಕೋಶದ ಜಾಗವನ್ನು ನಿಗದಿ ಮಾಡಿದ್ದು, ಈಗ ನಿಮ್ಮ ಮೈಯಲ್ಲಿ ಇಲ್ಲದ ಒಂದು ದಂಡ.

ನರನಾಳ ಟೊಳ್ಳಾಗಿರುವುದಕ್ಕೂ ಅದು ಕಟ್ಟಿಕೊಳ್ಳುವ ರೀತಿಯೇ ಕಾರಣ. ಭ್ರೂಣದ ಬೆನ್ನ ಮೇಲೆ ಚಪ್ಪಟೆಯಾಗಿದ್ದ ಪದರದ ನಡುವೆ ಒಂದು ಕಾಲುವೆ ಮೂಡುತ್ತದೆ. ಎರಡು ದಂಡೆಗಳೂ ಮೇಲೆದ್ದು ಬಾಗಿ ಒಂದನ್ನೊಂದು ತಾಗಿ ಬೆಸೆದುಕೊಳ್ಳುತ್ತವೆ. ಒಳಗೆ ಸಿಕ್ಕಿಕೊಂಡ ಟೊಳ್ಳು ಬೆನ್ನುಹುರಿಯ ನಡುಗಾಲುವೆಯಾಗಿ, ಮಿದುಳಿನ ಕೋಣೆಗಳಾಗಿ ಉಳಿಯುತ್ತದೆ. ಮನುಷ್ಯ ಭ್ರೂಣದಲ್ಲಿ ಈ ಬೆಸುಗೆ ಗರ್ಭಾಂಕುರವಾದ ಸುಮಾರು 28ನೆಯ ದಿನಕ್ಕೆ ಮುಗಿಯುತ್ತದೆ. ಮುಟ್ಟು ನಿಂತಿದೆಯೋ ತಡವಾಗಿದೆಯೋ ಎಂದು ಎಷ್ಟೋ ಹೆಂಗಸರು ಇನ್ನೂ ಯೋಚಿಸುತ್ತಿರುವ ಹೊತ್ತು ಅದು. ಕೆಳತುದಿಯಲ್ಲಿ ಬೆಸುಗೆ ಬಿಟ್ಟುಹೋದರೆ ಮಗು ಸ್ಪೈನಾ ಬೈಫಿಡಾದಿಂದ ಹುಟ್ಟುತ್ತದೆ, ಬೆನ್ನುಹುರಿ ತೆರೆದುಕೊಂಡು, ಹಲವೊಮ್ಮೆ ಕಾಲುಗಳ ಬಲವಿಲ್ಲದೆ. ಮೇಲ್ತುದಿಯಲ್ಲಿ ಬಿಟ್ಟುಹೋದರೆ ಮಿದುಳು ಬೆಳೆಯುವುದಿಲ್ಲ; ಅಂಥ ಮಗು ಬದುಕುವುದಿಲ್ಲ. 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆಸಿದ ಅಧ್ಯಯನ, ಮೊದಲೊಮ್ಮೆ ಇಂಥ ಮಗುವನ್ನು ಹೆತ್ತ ತಾಯಂದಿರು ಗರ್ಭ ಧರಿಸುವ ಮುಂಚಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ಈ ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗುತ್ತದೆಂದು ತೋರಿಸಿತು. ಮಗು ಬೇಕೆಂದುಕೊಂಡ ಎಲ್ಲ ಹೆಂಗಸರಿಗೂ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಮುಂಚಿತವಾಗಿಯೇ ಶುರುಮಾಡಲು ವೈದ್ಯರು ಹೇಳುವುದು ಇದಕ್ಕಾಗಿ. ಬಸಿರು ಖಾತ್ರಿಯಾಗಿ ಮೊದಲ ಸಲ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆ 28 ದಿನ ಹೆಚ್ಚಾಗಿ ಕಳೆದುಹೋಗಿರುತ್ತವೆ. ಕಾರ್ಡೇಟ್ ಲಕ್ಷಣಗಳ ಪಟ್ಟಿಯನ್ನು ಹದಿನೇಳರ ಹುಡುಗಿಯರಿಗೆ ಕಲಿಸುವ ನಾವು ಅದರ ಜೊತೆಗೇ ಈ ಮಾತನ್ನೂ ಹೇಳಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಸಿಗಡಿಯ ನರ ಹೊಟ್ಟೆಗೆ, ನಮ್ಮದು ಬೆನ್ನಿಗೆ ಎಂದೆನಲ್ಲ. 1822ರಲ್ಲಿ ಪ್ಯಾರಿಸ್ಸಿನ ಎತಿಯೆನ್ ಜೋಫ್ರುವಾ ಸೇಂತ್-ಇಲೇರ್ ಒಂದು ದೊಡ್ಡ ಕಡಲ ಸಿಗಡಿಯನ್ನು, ಲಾಬ್‌ಸ್ಟರನ್ನು, ಮಗುಚಿ ಅಂಗಾತ ಇಟ್ಟು ಚಿತ್ರ ಬರೆದ. ಆಗ ನರ ಮೇಲೆ, ಅದರ ಕೆಳಗೆ ಕರುಳು, ಅದರ ಕೆಳಗೆ ಹೃದಯ. ಥೇಟ್ ಕಶೇರುಕದ ಕ್ರಮ. ಎಲ್ಲ ಪ್ರಾಣಿಗಳದ್ದೂ ಒಂದೇ ವಿನ್ಯಾಸ, ಕೆಲವು ಮಗುಚಿಕೊಂಡಿವೆ ಅಷ್ಟೆ ಎಂಬುದು ಅವನ ವಾದ. 1830ರಲ್ಲಿ ವಿಜ್ಞಾನ ಅಕಾಡೆಮಿಯ ಸಭೆಗಳಲ್ಲಿ ಜಾರ್ಜ್ ಕ್ಯುವಿಯೇ ಅವನ ಏಕವಿನ್ಯಾಸದ ಸಿದ್ಧಾಂತವನ್ನು ತಿಂಗಳುಗಟ್ಟಲೆ ಜಗ್ಗಾಡಿದ. ಗೆದ್ದದ್ದು ಕ್ಯುವಿಯೇ ಎಂದೇ ಹೆಚ್ಚಿನವರು ತೀರ್ಮಾನಿಸಿದರು. ಆದರೆ 1990ರ ದಶಕದಲ್ಲಿ ಕಪ್ಪೆಯ ಭ್ರೂಣದಲ್ಲಿ ಬೆನ್ನಿನ ಕಡೆ ಸ್ರವಿಸುವ ಕಾರ್ಡಿನ್ ಎಂಬ ಪ್ರೋಟೀನು ಸಿಕ್ಕಿತು. ಹಣ್ಣುನೊಣದಲ್ಲಿ ಅದರ ಜೋಡಿ ಪ್ರೋಟೀನು ಇದ್ದದ್ದು ಹೊಟ್ಟೆಯ ಕಡೆ. ನೊಣದ ಪ್ರೋಟೀನನ್ನು ಕಪ್ಪೆಯ ಭ್ರೂಣಕ್ಕೆ ಕೊಟ್ಟಾಗ ಅದು ಬೆನ್ನನ್ನು ಮೂಡಿಸಿತು. ಕಪ್ಪೆಯದು ನೊಣದಲ್ಲಿ ಹೊಟ್ಟೆಯ ಕಡೆಯ ಭಾಗವನ್ನು ಮೂಡಿಸಿತು. ಎರಡೂ ಕಡೆ ಅದರ ಕೆಲಸ ಒಂದೇ, ನರಗಳಿಗೆ ಜಾಗ ಬಿಡಿಸಿಕೊಡುವುದು. 1996ರಲ್ಲಿ ಡಿ ರಾಬರ್ಟಿಸ್ ಮತ್ತು ಸಸಾಯಿ ಈ ಎಳೆಗಳನ್ನೆಲ್ಲ ಒಟ್ಟುಗೂಡಿಸಿ, ಜೋಫ್ರುವಾನ ಊಹೆಗೆ ನೂರೆಪ್ಪತ್ತು ವರ್ಷಗಳ ಬಳಿಕ ಆಧಾರ ಒದಗಿಸಿದರು. ನಮ್ಮ ವಂಶದ ಯಾವುದೋ ಪೂರ್ವಜ ಬೆನ್ನು ಹೊಟ್ಟೆ ಅದಲುಬದಲಾಗಿ ಬದುಕತೊಡಗಿರಬೇಕು.

ಮೇಲು ಕೆಳಗಿನ ಗೊಂದಲ ಪಳೆಯುಳಿಕೆಗಳಲ್ಲೂ ಉಂಟು. ಕೆನಡಾದ ಬರ್ಜೆಸ್ ಶೇಲ್ ಬಂಡೆಗಳಲ್ಲಿ ಸಿಕ್ಕಿದ, ಸುಮಾರು 50.8 ಕೋಟಿ ವರ್ಷ ಹಿಂದಿನ ಪಿಕಾಯಿಯಾವನ್ನು 1911ರಲ್ಲಿ ವಾಲ್‌ಕಾಟ್ ಎರೆಹುಳುವಿನ ಬಳಗಕ್ಕೆ ಸೇರಿಸಿದ್ದ. 1970ರ ದಶಕದ ಕೊನೆಯಲ್ಲಿ ಅದು ಕಾರ್ಡೇಟ್ ಎಂದು ಗುರುತಾಯಿತು. 2024ರಲ್ಲಿ ಅದೇ ಮಾದರಿಗಳನ್ನು ಮತ್ತೆ ನೋಡಿದವರು, ಇಷ್ಟು ವರ್ಷವೂ ಅದನ್ನು ತಲೆಕೆಳಗಾಗಿ ಓದಲಾಗಿದೆ, ಬೆನ್ನೆಂದುಕೊಂಡದ್ದು ಹೊಟ್ಟೆ ಎಂದು ತೋರಿಸಿದರು. ನರನಾಳದ ಗುರುತು ಸಿಕ್ಕಿದ ಮೇಲೆ ಉಳಿದದ್ದೆಲ್ಲ ತಂತಾನೇ ಜಾಗಕ್ಕೆ ಕೂತಿತು.

ಗಂಟಲಿನ ಸೀಳುಗಳನ್ನು ಪಟ್ಟಿಯಲ್ಲಿ ನೋಟೋಕಾರ್ಡಿನ ಸಮಕ್ಕೆ ಕೂರಿಸುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಮನ್ನಾರ್ ಕೊಲ್ಲಿಯ ಕ್ರುಸಡೈ ದ್ವೀಪದ ಮರಳಿನಲ್ಲಿ ಟೈಕೋಡೆರಾ ಎಂಬ ಹಳದಿ ಹುಳು ಸಿಗುತ್ತದೆ. ಅದಕ್ಕೂ ಅಂಥ ಸೀಳುಗಳಿವೆ, ಅದರ ಬಾಯಿಯ ಚಾವಣಿಯಿಂದ ಮುಂದಕ್ಕೆ ಚಾಚಿದ ಒಂದು ಸಣ್ಣ ಗೂಟವೂ ಇದೆ. ಈ ಗೂಟವೇ ನೋಟೋಕಾರ್ಡ್ ಎಂದು ನಂಬಿ 1880ರ ದಶಕದಲ್ಲಿ ವಿಲಿಯಂ ಬೇಟ್ಸನ್ ಇಂಥ ಹುಳುಗಳನ್ನು ಕಾರ್ಡೇಟ್ ವಂಶಕ್ಕೆ ಸೇರಿಸಿದ್ದ. ಗೂಟ ಬೇರೆ, ದಂಡ ಬೇರೆ ಎಂದು ಮುಂದೆ ತಿಳಿದು ಅವನ್ನು ಹೊರಗಿಟ್ಟರು. ಸೀಳುಗಳು ಮಾತ್ರ ನಿಜವಾದ ಹೋಲಿಕೆಯೇ. ಅವುಗಳನ್ನು ರೂಪಿಸುವ ಜೀನ್‌ಗಳ ಗೊಂಚಲು ಆ ಹುಳುವಿನಲ್ಲೂ ನಮ್ಮಲ್ಲೂ ಒಂದೇ ಕ್ರಮದಲ್ಲಿದೆ ಎಂದು 2015ರಲ್ಲಿ ಗೊತ್ತಾಯಿತು. ಅಂದರೆ ಸೀಳು ಕಾರ್ಡೇಟ್‌ಗಳಿಗಿಂತ ಹಳೆಯ ಆಸ್ತಿ. ವಂಶದ ಒಳಗೆ ಎಲ್ಲರಲ್ಲೂ ಇದೆ, ಆದರೆ ವಂಶದ ಹೊರಗೂ ಇದೆ.

ನಮ್ಮ ಭ್ರೂಣದಲ್ಲಿ ನಾಲ್ಕನೆಯ ವಾರ ಕುತ್ತಿಗೆಯ ಭಾಗದಲ್ಲಿ ಕಮಾನುಗಳು, ಅವುಗಳ ನಡುವೆ ತಗ್ಗುಗಳು ಮೂಡುತ್ತವೆ. ಅವು ತೂತಾಗಿ ಕಿವಿರಾಗುವುದಿಲ್ಲ. ಮೊದಲ ಕಮಾನಿನಿಂದ ಕೆಳದವಡೆ ಮತ್ತು ನಡುಗಿವಿಯ ಎರಡು ಪುಟ್ಟ ಮೂಳೆ, ಎರಡನೆಯದರಿಂದ ಮೂರನೆಯ ಮೂಳೆ. ಸರೀಸೃಪಗಳ ದವಡೆಯ ಕೀಲಿನ ಮೂಳೆಗಳೇ ಸಸ್ತನಿಗಳಲ್ಲಿ ಕಿವಿಗೆ ಸರಿದಿವೆ ಎಂದು ಜರ್ಮನಿಯ ರೈಶೆರ್ಟ್ 1837ರಷ್ಟು ಹಿಂದೆಯೇ ಭ್ರೂಣ ನೋಡಿ ಹೇಳಿದ್ದ. ಮೊದಲ ತಗ್ಗು ಕಿವಿಯಿಂದ ಗಂಟಲಿಗೆ ಹೋಗುವ ನಳಿಗೆಯಾಗುತ್ತದೆ. ಘಾಟಿ ಹತ್ತುವಾಗ ಬಸ್ಸಿನಲ್ಲಿ ಉಗುಳು ನುಂಗಿದರೆ ಕಿವಿ ಬಿಡುವುದು ಆ ನಳಿಗೆ ತೆರೆದುಕೊಳ್ಳುವುದರಿಂದ.

ಎಂಡೋಸ್ಟೈಲಿನ ಗತಿ ಇನ್ನೂ ಸೋಜಿಗದ್ದು. ಆಂಫಿಯಾಕ್ಸಸ್‌ನಲ್ಲೂ ಅಸಿಡಿಯನ್‌ನಲ್ಲೂ ಅದು ಆಹಾರ ಹಿಡಿಯುವ ಲೋಳೆಯನ್ನು ಒಸರುವುದರ ಜೊತೆಗೆ ಕಡಲನೀರಿನ ಅಯೋಡಿನ್ನನ್ನೂ ಹೀರಿಕೊಳ್ಳುತ್ತದೆ. ಲ್ಯಾಂಪ್ರಿ ಎಂಬ ದವಡೆಯಿಲ್ಲದ ಮೀನಿನ ಮರಿ ವರ್ಷಗಟ್ಟಲೆ ಹೊಳೆಯ ಕೆಸರಿನಲ್ಲಿ ಎಂಡೋಸ್ಟೈಲ್ ಇಟ್ಟುಕೊಂಡೇ ಬದುಕುತ್ತದೆ. ದೊಡ್ಡದಾಗಿ ರೂಪ ಬದಲಿಸುವಾಗ, ಅದೇ ಎಂಡೋಸ್ಟೈಲ್ ಥೈರಾಯ್ಡ್ ಗ್ರಂಥಿಯಾಗಿ ಮಾರ್ಪಡುತ್ತದೆ. ಒಂದೇ ಪ್ರಾಣಿಯ ಆಯುಷ್ಯದಲ್ಲಿ ಕಣ್ಣೆದುರೇ ನಡೆಯುವ ಬದಲಾವಣೆ ಇದು. ನಮ್ಮ ಥೈರಾಯ್ಡ್ ಕೂಡ ಮೊದಲು ಮೂಡುವುದು ನಾಲಗೆಯ ಬುಡದಲ್ಲಿ, ಗಂಟಲಿನ ತಳದಲ್ಲಿ. ಆಮೇಲೆ ಕುತ್ತಿಗೆಗೆ ಇಳಿಯುತ್ತದೆ. ಅಯೋಡಿನ್ ಮೇಲಿನ ಅದರ ಅವಲಂಬನೆ ಕಡಲಿನ ದಿನಗಳದ್ದು. ಮಳೆ ಮತ್ತು ಹಿಮನದಿಗಳು ಮಣ್ಣಿನ ಅಯೋಡಿನ್ನನ್ನು ತೊಳೆದುಕೊಂಡು ಹೋದ ಹಿಮಾಲಯದ ತಪ್ಪಲಿನಲ್ಲಿ ಊರಿಗೆ ಊರೇ ಗಳಗಂಡದಿಂದ ನರಳುತ್ತಿತ್ತು. 1950ರ ದಶಕದಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಕಾಂಗ್ರಾ ಕಣಿವೆಯ ಕೆಲವು ಭಾಗಗಳಿಗೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಇನ್ನೊಂದು ಭಾಗಕ್ಕೆ ಬರಿಯ ಉಪ್ಪನ್ನೂ ಕೊಟ್ಟು ಕೆಲವು ವರ್ಷ ಕಾದು ನೋಡಿದರು. ಅಯೋಡಿನ್ ಉಪ್ಪು ಸಿಕ್ಕ ಕಡೆ ಗಳಗಂಡ ಇಳಿಯಿತು. 1962ರಲ್ಲಿ ಶುರುವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮಕ್ಕೆ ಬಲ ಕೊಟ್ಟದ್ದು ಆ ಕೆಲಸ.

ಉಳಿದದ್ದು ಬಾಲ. ಅದರ ಕತೆ ನೋಟೋಕಾರ್ಡಿನ ಕತೆಗೇ ಮರಳಿ ಸೇರುತ್ತದೆ. 1927ರಲ್ಲಿ ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ರಷ್ಯನ್ ವೈದ್ಯೆ ನಾದೀನ್ ದೊಬ್ರೊವೊಲ್ಸ್ಕಾಯಾ-ಜವಾದ್ಸ್ಕಾಯಾ ತಮ್ಮ ಇಲಿಗಳಲ್ಲಿ ಮೋಟುಬಾಲದ ತಳಿಯೊಂದನ್ನು ಕಂಡರು. ಕೆಟ್ಟ ಜೀನ್ ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಬಂದರೆ ಬಾಲ ಮೋಟು. ಇಬ್ಬರಿಂದಲೂ ಬಂದರೆ ನೋಟೋಕಾರ್ಡ್ ಮೂಡದೆ ಮರಿ ಗರ್ಭದಲ್ಲೇ ಸಾಯುತ್ತಿತ್ತು. ಬ್ರಾಕಿಯೂರಿ ಎಂದು ಹೆಸರಾದ ಈ ಜೀನನ್ನು 1990ರಲ್ಲಿ ಪ್ರತ್ಯೇಕಿಸಲಾಯಿತು. ಅಸಿಡಿಯನ್ ಮರಿಯ ನಲವತ್ತು ಕೋಶಗಳನ್ನು ನೋಟೋಕಾರ್ಡ್ ಮಾಡುವುದೂ ಇದೇ ಜೀನ್. ಮನುಷ್ಯ ಭ್ರೂಣಕ್ಕೆ ಐದಾರನೆಯ ವಾರದಲ್ಲಿ ಸ್ಪಷ್ಟವಾದ ಬಾಲವಿರುತ್ತದೆ, ಎಂಟನೆಯ ವಾರದ ಹೊತ್ತಿಗೆ ಕರಗುತ್ತದೆ. ಮಂಗಗಳಿಗೆ ಬಾಲವಿದ್ದು ಚಿಂಪಾಂಜಿ, ಗೊರಿಲ್ಲ, ಮನುಷ್ಯರಿಗೆ ಯಾಕಿಲ್ಲ ಎಂಬುದಕ್ಕೆ 2024ರಲ್ಲಿ ಒಂದು ಉತ್ತರ ಬಂತು. ಸುಮಾರು ಎರಡೂವರೆ ಕೋಟಿ ವರ್ಷಗಳ ಹಿಂದೆ, ವಾನರಪೂರ್ವಜನೊಬ್ಬನ ಬ್ರಾಕಿಯೂರಿ ಜೀನಿನ ನಡುವೆ ಆಲು ಎಂಬ, ಜಾಗ ಬದಲಿಸುವ ಡಿಎನ್ಎ ತುಣುಕು ಬಂದು ಕೂತಿತು. ಅದರಿಂದ ಜೀನಿನ ಸಂದೇಶ ಕೆಲವೊಮ್ಮೆ ಒಂದು ಕಂತು ಕಳೆದುಕೊಂಡು ತಯಾರಾಗುತ್ತದೆ. ಇಲಿಗಳಲ್ಲಿ ಅಂಥ ಕಂತುಗೆಟ್ಟ ಸಂದೇಶ ತಯಾರಾಗುವಂತೆ ಮಾಡಿದಾಗ ಬಾಲ ಮೋಟಾಯಿತು, ಕೆಲವಕ್ಕೆ ಇಲ್ಲವೇ ಆಯಿತು. ಕೆಲವು ಮರಿಗಳಲ್ಲಿ ನರನಾಳವೂ ಸರಿಯಾಗಿ ಮುಚ್ಚಿಕೊಳ್ಳಲಿಲ್ಲ. ಬಾಲ ಕಳೆದುಕೊಂಡದ್ದಕ್ಕೆ ಕೊಟ್ಟ ಬೆಲೆಯನ್ನು ನಮ್ಮ ಮಕ್ಕಳು ಸ್ಪೈನಾ ಬೈಫಿಡಾದ ರೂಪದಲ್ಲಿ ಇಂದಿಗೂ ತೆರುತ್ತಿರಬಹುದೇ ಎಂಬ ಪ್ರಶ್ನೆಯನ್ನು ಆ ಸಂಶೋಧಕರು ಎತ್ತಿದ್ದಾರೆ.

ಇದೇ ಜೀನ್ ದೊಡ್ಡವರಲ್ಲಿ ಎಚ್ಚರಗೊಂಡರೆ ಕೇಡು. ಬೆನ್ನುಮೂಳೆಯ ಬುಡದಲ್ಲೋ ತಲೆಬುರುಡೆಯ ತಳದಲ್ಲೋ ಅಳಿಯದೆ ಉಳಿದ ನೋಟೋಕಾರ್ಡ್ ಕೋಶಗಳಿಂದ ಕಾರ್ಡೋಮಾ ಎಂಬ ಕ್ಯಾನ್ಸರ್ ಬರುತ್ತದೆ. ವರ್ಷಕ್ಕೆ ಹತ್ತು ಲಕ್ಷದಲ್ಲಿ ಒಬ್ಬರಿಗೆ ಬರುವಷ್ಟು ಅಪರೂಪ. ಗಡ್ಡೆಯ ತುಣುಕಿನಲ್ಲಿ ಬ್ರಾಕಿಯೂರಿ ಇದೆಯೇ ಎಂದು ನೋಡಿಯೇ ರೋಗವನ್ನು ಖಚಿತಪಡಿಸುತ್ತಾರೆ.

ಅಪರೂಪವಲ್ಲದ ಉಳಿಕೆಯೂ ಇದೆ. ನಮ್ಮ ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕಿನ ಒಳತಿರುಳು ನೋಟೋಕಾರ್ಡಿನಿಂದ ಬಂದದ್ದು. ಡಿಸ್ಕ್ ಜಾರಿದೆ ಎಂದು ಡಾಕ್ಟರು ಹೇಳಿದಾಗ ಹೊರಪದರ ಹರಿದು ನರವನ್ನು ಒತ್ತುತ್ತಿರುವುದು ಆ ತಿರುಳು. ಮಗುವಿನ ಡಿಸ್ಕಿನಲ್ಲಿ ದ್ರವ ತುಂಬಿದ ದೊಡ್ಡ ದೊಡ್ಡ ನೋಟೋಕಾರ್ಡ್ ಕೋಶಗಳು ಇನ್ನೂ ಕಾಣುತ್ತವೆ. ಹತ್ತು ವರ್ಷ ದಾಟುವಷ್ಟರಲ್ಲಿ ಅವು ಬಹುತೇಕ ಮಾಯವಾಗಿ ಬೇರೆ ಬಗೆಯ ಸಣ್ಣ ಕೋಶಗಳಿಗೆ ಜಾಗ ಬಿಡುತ್ತವೆ. ಡಿಸ್ಕ್ ನೀರಾರಿ ಸವೆಯತೊಡಗುವುದು ಆಮೇಲೆ. ನಾಯಿಗಳಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಉದ್ದ ಕಾಲಿನ ಹಲವು ತಳಿಗಳಲ್ಲಿ ಈ ಕೋಶಗಳು ಪ್ರಾಯದಲ್ಲೂ ಉಳಿದಿರುತ್ತವೆ, ಡಿಸ್ಕ್ ಗಟ್ಟಿಮುಟ್ಟಾಗಿರುತ್ತದೆ. ಗಿಡ್ಡ ಕಾಲಿನ ಡ್ಯಾಶ್‌ಹಂಡ್‌ನಲ್ಲಿ ಮೊದಲ ವರ್ಷದ ಆಸುಪಾಸಿಗೇ ಅವು ಇಲ್ಲವಾಗುತ್ತವೆ, ಚಿಕ್ಕ ವಯಸ್ಸಿಗೇ ಡಿಸ್ಕ್ ಕೆಟ್ಟು ಹಿಂಗಾಲು ಸೋಲುತ್ತವೆ. ಈ ಕೋಶಗಳು ಏನನ್ನು ಸ್ರವಿಸಿ ಡಿಸ್ಕನ್ನು ಕಾಯುತ್ತವೆ ಎಂದು ತಿಳಿಯಲು, ಹಂದಿಯ ಡಿಸ್ಕಿನ ನೋಟೋಕಾರ್ಡ್ ಕೋಶಗಳನ್ನು ಬೆಳೆಸಿದ ದ್ರವವನ್ನು ಸವೆದ ಮಾನವ ಡಿಸ್ಕಿನ ಕೋಶಗಳಿಗೆ ಹಾಕಿ ಸಂಶೋಧಕರು ಪ್ರಯೋಗಶಾಲೆಗಳಲ್ಲಿ ಪರೀಕ್ಷೆ ನಡೆಸುತ್ತಿದ್ದಾರೆ.